ಕಕ್ಕಡ ಮಳೆಯಲ್ಲಿ ಆಸ್ಪತ್ರೆ ಹುಂಡಿಗಳ ಹಿಂದೆ

ಶುಕ್ರವಾರ: ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ

ಕೊಪ್ಪದ ಸೇತುವೆ ದಾಟುವವರೆಗೂ ಮಳೆ ಇರಲಿಲ್ಲ. ಕಾವೇರಿ ಮಾತ್ರ ಕೆಂಪಾಗಿ ದಡ ಮುಟ್ಟಿ ಹರಿಯುತ್ತಿದ್ದಳು. ಕುಶಾಲನಗರ ಬಿಟ್ಟು ಆನೆಕಾಡಿನ ಮರಗಳ ನಡುವೆ ಹೊಕ್ಕದ್ದೇ ತಡ, ವೈಪರ್ ಸಾಲದಂಥ ಮಳೆ ಶುರು. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದಲ್ಲಿ ಯಾರಾದರೂ ಕೊಡಗಿಗೆ ಹೋಗುತ್ತಾರಾ ಎಂದು ಕೇಳಿದವರಿಗೆ ಉತ್ತರ ಇಷ್ಟೇ: ಈ ಸಲ ನೋಡಬೇಕಾಗಿದ್ದದ್ದು ಜಲಪಾತವಲ್ಲ, ಹಳೆಯ ಧರ್ಮಾಸ್ಪತ್ರೆಗಳ ಕಾಣಿಕೆ ಪೆಟ್ಟಿಗೆ. ಅದರ ಬಂಡವಾಳ ಬಯಲಾಗುವುದೇ ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಎಲ್ಲ ಪೆಟ್ಟಿಗೆಗಳೂ ಚೆನ್ನಾಗಿಯೇ ಕಾಣುತ್ತವೆ.

ಸುಂಟಿಕೊಪ್ಪದಲ್ಲಿ ಚಹಾಕ್ಕೆ ನಿಂತೆವು. ಬಿಸಿ ಪರೋಟ, ಕಡಲೆ ಸಾರು, ಗ್ಲಾಸಿನ ತುಂಬ ಕಡು ಚಹಾ. ಗಲ್ಲಾದ ಪಕ್ಕದಲ್ಲಿ ಬಿಸ್ಕತ್ತಿನ ಭರಣಿಯಂಥ ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಮಗುವೊಂದರ ಫೋಟೊ, ಚಿಕಿತ್ಸೆಗೆ ನೆರವಾಗಿ ಎಂಬ ಸಾಲು, ಒಂದು ಮೊಬೈಲ್ ನಂಬರು. ಅಷ್ಟೇ. ಮುಚ್ಚಳಕ್ಕೆ ಸುತ್ತಿದ ಸೆಲ್ಲೊಟೇಪು ಒಂದು ಕಡೆ ಎದ್ದು ಬಂದಿತ್ತು. "ಇಟ್ಟು ಹೋದವರು ಆಮೇಲೆ ಬರಲೇ ಇಲ್ಲ ಸಾರ್. ತೆಗೆದು ಬಿಸಾಡೋಕೂ ಆಗಲ್ಲ, ಇಟ್ಕೊಳ್ಳೋಕೂ ಆಗಲ್ಲ. ಎಂತ ಮಾಡೋದು?" ಎಂದರು ಅಂಗಡಿಯವರು. ಒಳಗೆ ಹತ್ತರ ನೋಟುಗಳು ಗೋಡೆಗೆ ಅಂಟಿಕೊಂಡಿದ್ದವು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕೊಡಗಿನ ಹೆಸರಲ್ಲಿ ಊರೂರಲ್ಲೂ ಡಬ್ಬಿಗಳು ಎದ್ದವು. ಯಾವುದು ನಿಜ, ಯಾವುದು ಸುಳ್ಳು ಎಂದು ಹಾಕುವವನಿಗೆ ತಿಳಿಯುವ ದಾರಿ ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲಿನ ಡಬ್ಬಿಗೆ ದುಡ್ಡು ಹಾಕುವ ಮುನ್ನ ನೋಡಬೇಕಾದ್ದು ಫೋಟೊ ಅಲ್ಲ. ಸಂಸ್ಥೆಯ ಪೂರ್ತಿ ಹೆಸರು ಮತ್ತು ನೋಂದಣಿ ಸಂಖ್ಯೆ ಇದೆಯೇ, ಡಬ್ಬಿಗೆ ಅದರದೇ ಕ್ರಮಸಂಖ್ಯೆ ಇದೆಯೇ, ಸೀಲ್ ಒಡೆಯದೆ ತೆರೆಯಲು ಬರುತ್ತದೆಯೇ, ಕಳೆದ ಸಲ ತೆರೆದ ದಿನಾಂಕ ಬರೆದಿದೆಯೇ. ಈ ನಾಲ್ಕರಲ್ಲಿ ಕೊನೆಯದೊಂದು ಇದ್ದರೂ ಸಾಕು, ಯಾರೋ ಲೆಕ್ಕ ಇಡುತ್ತಿದ್ದಾರೆ ಎಂದರ್ಥ. ಇಂಥ ಡಬ್ಬಿ ಇಟ್ಟುಕೊಳ್ಳುವ ಅಂಗಡಿಯವರು ಇಟ್ಟವರ ವಿಳಾಸ ಬರೆಸಿಕೊಂಡು, ತಿಂಗಳೊಳಗೆ ಬಾರದಿದ್ದರೆ ಪಂಚಾಯಿತಿಯವರ ಎದುರು ತೆರೆಯುತ್ತೇವೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶುಕ್ರವಾರ ಮಡಿಕೇರಿ ಸಂತೆ. ಮಳೆಯಲ್ಲೂ ಕೊಡೆಗಳ ಕೆಳಗೆ ಕಣಿಲೆ (ಎಳೆ ಬಿದಿರು), ಕೆಸುವಿನ ಎಲೆ, ಕಾಡಿನ ಅಣಬೆ ಮಾರಾಟ ಜೋರಾಗಿತ್ತು. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ, ಮೇಲೆಯೇ ಬಿಟ್ಟು ನಡೆದು ಇಳಿಯಬೇಕು. ಸಂಜೆ ಓಂಕಾರೇಶ್ವರಕ್ಕೆ ಹೋದೆವು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ, ಗುಮ್ಮಟ ಮತ್ತು ಮೂಲೆಯ ಗೋಪುರಗಳಿಂದ ದರ್ಗಾದ ಹಾಗೆ ಕಾಣುತ್ತದೆ. ಗುಡಿಯಲ್ಲಿ ಹುಂಡಿ ದೇವರ ಎದುರಿಗೇ ಇರುತ್ತದೆ. ಕೈಮುಗಿಯುವ ಮುಂಚೆಯೋ ಆಮೇಲೋ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಳಗೆ ಬರುವವನಿಗೆ ಎಷ್ಟು ಖರ್ಚಾಗುತ್ತದೋ ಎಂಬ ಭಯ. ಬಾಗಿಲಲ್ಲೇ ಪೆಟ್ಟಿಗೆ ಇಟ್ಟರೆ ಪ್ರವೇಶ ಶುಲ್ಕವೆಂದು ಭಾವಿಸುತ್ತಾನೆ. ಬಿಲ್ ಕಟ್ಟುವ ಕಿಟಕಿಯ ಪಕ್ಕ ಇಟ್ಟರೆ ಇನ್ನೂ ಕೆಟ್ಟದ್ದು, ಹಾಕದಿದ್ದರೆ ಕೆಲಸ ಆಗುವುದಿಲ್ಲವೇನೋ ಎಂದು ಅನುಮಾನ. ಸರಿಯಾದ ಜಾಗ ಔಷಧಿ ಕಿಟಕಿಯಿಂದ ಹೊರಬಾಗಿಲಿಗೆ ಹೋಗುವ ದಾರಿ. ಚಿಲ್ಲರೆ ಕೈಯಲ್ಲಿರುತ್ತದೆ, ಮನಸ್ಸು ಸ್ವಲ್ಪ ಹಗುರವಾಗಿರುತ್ತದೆ, ನೋಡುವವರು ಯಾರೂ ಇರುವುದಿಲ್ಲ.

ಶನಿವಾರ: ಮಡಿಕೇರಿ

ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಬೆಳಿಗ್ಗೆ ಕಿಟಕಿಯಾಚೆ ಮಂಜು ಬಿಟ್ಟರೆ ಏನೂ ಕಾಣದು. ಅಕ್ಕಿ ರೊಟ್ಟಿಗೆ ಎಳ್ಳಿನ ಚಟ್ನಿ ಹಚ್ಚಿ ತಿಂದು, ಮಳೆ ತೆಳ್ಳಗಾದಾಗ ಕೋಟೆಗೆ ಹತ್ತಿದೆವು. ಒಳಗಿನ ಅರಮನೆ 1812-14ರ ಹೊತ್ತಿಗೆ ಲಿಂಗರಾಜೇಂದ್ರ ಕಟ್ಟಿಸಿದ್ದು. ಅಂಗಳದಲ್ಲಿ ಗಾರೆಯ ಎರಡು ಆನೆಗಳು ಪಾಚಿ ಹಿಡಿದು ನಿಂತಿದ್ದವು. 1834ರಲ್ಲಿ ಚಿಕ್ಕವೀರರಾಜೇಂದ್ರನಿಂದ ಬ್ರಿಟಿಷರಿಗೆ ಹೋದ ಮೇಲೆ ಕೋಟೆಯೊಳಗೇ ಅವರೊಂದು ಚರ್ಚ್ ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ.

ಊರಿನ ಹೊರಗೆ, ಏರಿನ ಮೇಲಿರುವ ಹಳೆಯ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಮರದ ಪೆಟ್ಟಿಗೆ ಇದೆ ಎಂದು ಕೇಳಿದ್ದೆವು. ಹೆಸರು ಬೇಡ, ಅವರೇ ಬೇಡವೆಂದರು. ಮೇಲ್ವಿಚಾರಕರ ಒಪ್ಪಿಗೆ ಪಡೆದು, ಹೊರರೋಗಿಗಳ ಗದ್ದಲ ಮುಗಿದ ಮೇಲೆ ಹೋಗಬೇಕು. ರೋಗಿಗಳು ಬರುವಂತೆ ಫೋಟೊ ತೆಗೆಯಬಾರದು. ವಾರ್ಡಿನ ಹಿರಿಯ ಸಹಾಯಕರೊಬ್ಬರು ಪೆಟ್ಟಿಗೆಯ ಮೇಲಿನ ಕ್ಯಾಲೆಂಡರು ಸರಿಸಿ ತೋರಿಸಿದರು.

ತೇಗದ ಪೆಟ್ಟಿಗೆ, ಮೊಳಕ್ಕಿಂತ ತುಸು ಗಿಡ್ಡ. ಮೂಲೆಗಳಲ್ಲಿ ಹಲ್ಲುಜೋಡಣೆ, ಒಂದೂ ಮೊಳೆ ಇಲ್ಲ. ಮೇಲೆ ಹಿತ್ತಾಳೆಯ ತಟ್ಟೆ, ಅದರ ನಡುವೆ ಸೀಳು. ಆ ಸೀಳನ್ನು ಹತ್ತಿರದಿಂದ ನೋಡಿದರೆ ಪೆಟ್ಟಿಗೆಯ ವಯಸ್ಸು ಗೊತ್ತಾಗುತ್ತದೆ. ನಡುಭಾಗ 32 ಮಿ.ಮೀ. ಉದ್ದ, ಅಂಚು ನುಣುಪು, ಕೈಬೆರಳುಗಳಿಂದ ಸವೆದು ಹೊಳೆಯುತ್ತಿದೆ. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿ 30.5 ಮಿ.ಮೀ. ಅಗಲ, ತೂಕ 11.66 ಗ್ರಾಂ. ಸೀಳು ಅದಕ್ಕೆಂದೇ ಕೊರೆದದ್ದು, ಆಣೆ ಬಿಲ್ಲೆಗಳಿಗೂ ಸಾಕು. ಅದರ ಎರಡೂ ತುದಿಯಲ್ಲಿ ಗರಗಸದ ಒರಟು ಗುರುತು. ನೋಟು ಬಂದ ಮೇಲೆ ಯಾರೋ ಎರಡೂ ಕಡೆ ಕೊಯ್ದು 80 ಮಿ.ಮೀ. ಮಾಡಿದ್ದಾರೆ, ಒಂದು ತುದಿ ಓರೆಯಾಗಿದೆ.

ಓರೆಯಾದದ್ದು ತೊಂದರೆಯಲ್ಲ, ಉದ್ದವಾದದ್ದು ತೊಂದರೆ. ನಾಣ್ಯದ ಸೀಳಿನಿಂದ ಯಾರೂ ಏನನ್ನೂ ಎತ್ತಲಾರರು. ನೋಟಿನ ಸೀಳಿನೊಳಗೆ ಕಡ್ಡಿ ಇಳಿಯುತ್ತದೆ. ಕಡ್ಡಿಯ ತುದಿಗೆ ಹಲಸಿನ ಮೇಣ ಹಚ್ಚಿದರೆ ನೋಟು ಅಂಟಿಕೊಂಡು ಮೇಲೆ ಬರುತ್ತದೆ. ಈಗ ಎರಡೂ ಬದಿ ಅಂಟುವ ಟೇಪು ಬಂದಿದೆ, ಉಪಾಯ ಅದೇ. ಇದಕ್ಕೆ ಮದ್ದು ಸೀಳಿನ ಕೆಳಗೆ ಓರೆ ತಗಡು: 45 ಡಿಗ್ರಿ ಇಳಿಜಾರಾಗಿ ಬೆಸೆದು, ಎದುರು ಗೋಡೆಗೂ ಅದಕ್ಕೂ ನಡುವೆ ಎರಡು ಸೆಂ.ಮೀ. ಸಂದು ಬಿಡಬೇಕು. ನೋಟು ಜಾರಿ ಬೀಳುತ್ತದೆ, ಕಡ್ಡಿ ತಗಡಿಗೆ ತಾಗಿ ನಿಲ್ಲುತ್ತದೆ. ಹೊಸದಾಗಿ ಮಾಡಿಸುವವರಿಗೆ ಅಳತೆ ಇದು: ಈಗಿನ ನೋಟುಗಳಲ್ಲಿ 50ರಿಂದ 500ರವರೆಗೆ ಎಲ್ಲವೂ 66 ಮಿ.ಮೀ. ಅಗಲ, 10 ಮತ್ತು 20 ರೂಪಾಯಿಯವು 63. ಸೀಳು 75 ಮಿ.ಮೀ. ಉದ್ದ, 6 ಮಿ.ಮೀ. ಅಗಲ ಇದ್ದರೆ ಮಡಚಿದ ನೋಟೂ 27 ಮಿ.ಮೀ.ನ ಹತ್ತರ ನಾಣ್ಯವೂ ಸಲೀಸಾಗಿ ಹೋಗುತ್ತವೆ. ಅದಕ್ಕಿಂತ ಅಗಲ ಮಾಡಿದರೆ ಕಳ್ಳನಿಗೆ ಅನುಕೂಲ.

ಪೆಟ್ಟಿಗೆಯ ಮುಂಭಾಗದಲ್ಲಿ ಮೂರು ಚಿಲಕಗಳಿವೆ, ಬೀಗ ಇರುವುದು ಒಂದಕ್ಕೆ ಮಾತ್ರ. ಮೂರು ಬೀಗದ ಪದ್ಧತಿ ಬಹಳ ಹಳೆಯದು. 1199ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್ ಧರ್ಮಯುದ್ಧದ ನಿಧಿಗಾಗಿ ಚರ್ಚ್‌ಗಳಲ್ಲಿ ಪೊಳ್ಳು ಪೆಟ್ಟಿಗೆ ಇಡಿಸಿದಾಗ ಮೂರು ಕೀಲಿ ಕಡ್ಡಾಯ ಮಾಡಿದ್ದ: ಒಂದು ಬಿಷಪ್ ಬಳಿ, ಒಂದು ಅಲ್ಲಿನ ಪಾದ್ರಿಯ ಬಳಿ, ಒಂದು ಊರಿನ ಗೃಹಸ್ಥನ ಬಳಿ. ಪೆಟ್ಟಿಗೆ ತೆರೆಯಲು ಮೂವರೂ ಬರಲೇಬೇಕು. ಇಲ್ಲಿ ಉಳಿದೆರಡು ಬೀಗ ಯಾಕಿಲ್ಲ ಎಂದು ಕೇಳಿದರೆ ಸಹಾಯಕರು ನಕ್ಕರು. "ತುಕ್ಕು ಹಿಡಿದು ಒಂದು ಒಡೆದ್ರು. ಇನ್ನೊಂದರ ಕೀಲಿ ಇಟ್ಟುಕೊಂಡಿದ್ದ ಯಜಮಾನರು ತೀರಿಕೊಂಡ್ರು, ಅದನ್ನೂ ಒಡೆದ್ರು." ಮಡಿಕೇರಿಯ ಹವೆಗೆ ಕಬ್ಬಿಣದ ಬೀಗ ತಡೆಯುವುದಿಲ್ಲ. ಹಿತ್ತಾಳೆಯದೇ ಬೇಕು. ಎಣ್ಣೆ ಬಿಟ್ಟರೆ ಧೂಳು ಕೂತು ಅಂಟಾಗುತ್ತದೆ. ಪೆನ್ಸಿಲ್ ಸೀಸವನ್ನು ಪುಡಿ ಮಾಡಿ ಕೀಲಿಗೆ ಹಚ್ಚಿ ಎರಡು ಸಲ ತಿರುಗಿಸಿದರೆ ಒಂದು ಮಳೆಗಾಲ ಕಳೆಯುತ್ತದೆ. ಕೀಲಿ ಹಿಡಿದವರು ಸತ್ತರೆ, ವರ್ಗವಾದರೆ ಯಾರಿಗೆ ಹೋಗಬೇಕೆಂದು ಮೊದಲೇ ನಡಾವಳಿಯಲ್ಲಿ ಬರೆದಿಡಬೇಕು. ಇದನ್ನು ಯಾರೂ ಮಾಡುವುದಿಲ್ಲ.

ಮಧ್ಯಾಹ್ನ ಅವರು ಕಳೆದ ಸಲ ಪೆಟ್ಟಿಗೆಯಿಂದ ಬಂದ ನೋಟುಗಳ ಒಂದು ಕಟ್ಟು ತೋರಿಸಿದರು, ಬ್ಯಾಂಕಿಗೆ ಒಯ್ಯಲು ಆಗದೆ ಉಳಿದದ್ದು. ಹೊರಗೋಡೆಯ ತೇವಕ್ಕೆ ತಾಗಿದ್ದ ಕಡೆ ಎಲ್ಲ ಒಂದು ಗಟ್ಟಿಯಾಗಿ, ಮೇಲೆ ಬೂದು ಬೂಷ್ಟು. ಕೊಡಗಿನ ಆಸ್ಪತ್ರೆ ಪೆಟ್ಟಿಗೆಗಳಲ್ಲಿ ಹಣ ಹಾಳಾಗುವುದು ಕಳ್ಳರಿಂದಲ್ಲ, ತೆರೆಯದೆ ಬಿಡುವುದರಿಂದ. ಜೂನ್‌ನಲ್ಲಿ ಹಾಕಿದ ನೋಟು ಸೆಪ್ಟೆಂಬರ್‌ವರೆಗೆ ಒಳಗೇ ಇದ್ದರೆ ಅದು ನೋಟಾಗಿ ಹೊರಗೆ ಬರುವುದಿಲ್ಲ. ಮಾರ್ಚ್ ಲೆಕ್ಕಕ್ಕೆ ಒಂದು, ದೀಪಾವಳಿಗೆ ಒಂದು ಸಲ ತೆರೆಯುವ ಪದ್ಧತಿ ಬಯಲುಸೀಮೆಗೆ ಸರಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ತೆರೆಯಬೇಕು. ಸಿಲಿಕಾ ಜೆಲ್ ಪೊಟ್ಟಣ ಹಾಕುತ್ತೇವೆ ಎನ್ನುವವರಿದ್ದಾರೆ. ಮೇಲೆ ಸೀಳಿರುವ ಪೆಟ್ಟಿಗೆಗೆ ಹೊರಗಿನ ತೇವ ಬರುತ್ತಲೇ ಇರುತ್ತದೆ, ಪೊಟ್ಟಣ ಕೆಲವೇ ದಿನದಲ್ಲಿ ನೀರು ಕುಡಿದು ಸುಮ್ಮನಾಗುತ್ತದೆ.

ಅಂಟಿಕೊಂಡ ನೋಟನ್ನು ಎಳೆಯಬಾರದು. ಬಿಳಿ ಕಾಗದದ ಹಾಳೆಗಳ ನಡುವೆ ಇಟ್ಟು ಫ್ಯಾನಿನ ಗಾಳಿಗೆ ಬಿಟ್ಟರೆ ಒಂದೆರಡು ದಿನದಲ್ಲಿ ತಾವಾಗಿ ಬಿಡುತ್ತವೆ. ಪತ್ರಿಕೆ ಕಾಗದ ಬೇಡ, ಅದರ ಮಸಿ ನೋಟಿಗೆ ಹತ್ತುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಮೆಣಸು ಒಣಗಿಸಿದಂತೆ ಒಣಗಿಸಿದರೆ ಹೊಗೆ ಹಿಡಿಯುತ್ತದೆ. ಇಸ್ತ್ರಿ ಹಾಕಿದರೆ ಒಳಗಿನ ಭದ್ರತಾ ಎಳೆ ಮುದುಡುತ್ತದೆ. ಹರಿದರೂ ಹಣ ಹೋಯಿತೆಂದಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 20 ರೂಪಾಯಿವರೆಗಿನ ನೋಟಿನಲ್ಲಿ ಅರ್ಧಕ್ಕಿಂತ ದೊಡ್ಡ ಒಂದೇ ತುಂಡು ಉಳಿದಿದ್ದರೆ ಪೂರ್ತಿ ಬೆಲೆ. 50 ಮತ್ತು ಮೇಲಿನವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಶೇ 40ರಿಂದ 80 ಇದ್ದರೆ ಅರ್ಧ. ಆದ್ದರಿಂದ ತುಂಡುಗಳನ್ನು ಬಿಸಾಡಬಾರದು.

ಸಂಜೆ ಮಂಜು ಮತ್ತೆ ಇಳಿಯಿತು. ಕಣಿಲೆ ಸಾರು, ಕಡಂಬುಟ್ಟು. ಊಟದ ಮನೆಯವರು ಹೇಳಿದ್ದು: ನಾಳೆ ಕಕ್ಕಡ ಹದಿನೆಂಟು, ಮದ್ದು ತಿನ್ನದೆ ಹೋಗಬೇಡಿ.

ಭಾನುವಾರ: ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ

ಮಡಿಕೇರಿಯಿಂದ ಮೂರ್ನಾಡಿನ ದಾರಿ ತಿರುವುಗಳದ್ದೇ. ರಸ್ತೆಯ ಅಂಚಿನಲ್ಲಿ ಕೆಂಪು ಮಣ್ಣು ಜಾರಿ ಬಿದ್ದಿದ್ದ ಕಡೆ ಮರಳು ಚೀಲ ಜೋಡಿಸಿದ್ದರು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಹೆಂಗಸರು ಬಗ್ಗಿದವರು ಬಗ್ಗಿದಂತೆಯೇ. ಮೂರ್ನಾಡು ದಾಟಿ ಒಂದು ಮನೆಯಲ್ಲಿ ಮದ್ದು ಪಾಯಸ ಸಿಕ್ಕಿತು. ಮದ್ದು ತೊಪ್ಪು, ಅಂದರೆ ಮದ್ದಿನ ಸೊಪ್ಪು, ಕುದಿಸಿದ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನ ಹಾಲು. ಬಣ್ಣ ನೇರಳೆ, ಪರಿಮಳ ಬೇರೆಲ್ಲೂ ಸಿಗದ್ದು. ಆಗಸ್ಟ್ 3ಕ್ಕೆ ಬರುವ ಈ ದಿನ ಸೊಪ್ಪಿನಲ್ಲಿ ಹದಿನೆಂಟು ಔಷಧಿ ಸೇರಿರುತ್ತದೆ ಎನ್ನುವುದು ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಹೆದರಬೇಡಿ ಎಂದು ಮನೆಯಾಕೆ ಮೊದಲೇ ಎಚ್ಚರಿಸಿದರು. ಹೇಳದೆ ತಿನ್ನಿಸಿದರೆ ಹೊರಗಿನವರು ಆಸ್ಪತ್ರೆಗೇ ಓಡುತ್ತಾರೆ.

ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್‌ನಲ್ಲಿ ಪೂಜೆ ಮುಗಿದು ಜನ ಹೊರಬರುತ್ತಿದ್ದರು. ಟಿಪ್ಪು ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಜಾಗ ಕೊಟ್ಟದ್ದು, 1792ರಿಂದ ಇರುವ ಸಭೆ. ಚರ್ಚ್‌ನ ಕಾಣಿಕೆ ಚೀಲ ಸಾಲಿನಿಂದ ಸಾಲಿಗೆ ಕೈಯಿಂದ ಕೈಗೆ ಹೋಗುತ್ತದೆ. ಅದು ಅಲ್ಲೇ ಖಾಲಿಯಾಗುವುದರಿಂದ ಒಳಗೆ ಏನೂ ಕೊಳೆಯುವುದಿಲ್ಲ. ಭಾನುವಾರದ ಈ ಚೀಲವೇ ಇಂಗ್ಲೆಂಡಿನ ಆಸ್ಪತ್ರೆಗಳನ್ನು ಬಹುಕಾಲ ಸಾಕಿತ್ತು. ಸರ್ಕಾರದ ದುಡ್ಡಿಲ್ಲದೆ ದಾನದಲ್ಲೇ ನಡೆಯುತ್ತಿದ್ದ ಆಸ್ಪತ್ರೆಗಳಿಗಾಗಿ 1859ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 1873ರಲ್ಲಿ ಲಂಡನ್ನಿನಲ್ಲಿ ಆಸ್ಪತ್ರೆ ಭಾನುವಾರ ಶುರುವಾಯಿತು, ಆ ದಿನದ ಕಾಣಿಕೆಯೆಲ್ಲ ಆಸ್ಪತ್ರೆಗಳಿಗೆ. ಚರ್ಚ್‌ಗೆ ಬಾರದ ಕಾರ್ಮಿಕರಿಗಾಗಿ, ಸಂಬಳದ ದಿನ ಶನಿವಾರವಾದ್ದರಿಂದ, ಆಸ್ಪತ್ರೆ ಶನಿವಾರ ಹುಟ್ಟಿತು. ಕಾರ್ಖಾನೆಗಳಲ್ಲಿ ಡಬ್ಬಿ ಓಡಾಡಿದವು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೆ ಆಸ್ಪತ್ರೆಯ ಹೊಟ್ಟೆ ತುಂಬಿಸುವ ಕೆಲಸ ಡಬ್ಬಿಗಳಿಗೆ ಉಳಿಯಲಿಲ್ಲ. ಸಂಬಳದ ದಿನ ನೋಡಿ ಡಬ್ಬಿ ಒಯ್ಯುವ ಜಾಣತನ ಮಾತ್ರ ಇಲ್ಲಿಗೂ ಹೊಂದುತ್ತದೆ. ಕೊಡಗಿನ ತೋಟಗಳಲ್ಲಿ ಕೈಯಲ್ಲಿ ಕಾಸಾಡುವುದು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ. ಮಳೆಗಾಲದಲ್ಲಿ ಡಬ್ಬಿ ಹಿಡಿದು ಹೊರಟರೆ ಕೊಡುವವರಿಗೂ ಮುಜುಗರ.

ಗೋಣಿಕೊಪ್ಪದಲ್ಲಿ ಸಂತೆ, ದಾಟಲು ಮುಕ್ಕಾಲು ಗಂಟೆ. ಪಕ್ಕದ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಆಸ್ಪತ್ರೆಯೊಂದರ ಸಹಾಯನಿಧಿಯ ಕ್ಯೂಆರ್ ಫಲಕ. ಸ್ಕ್ಯಾನ್ ಮಾಡಿದರೆ ಗಿರ ಗಿರ ತಿರುಗಿತೇ ಹೊರತು ಮುಂದೆ ಹೋಗಲಿಲ್ಲ. ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರ್ ಬ್ಯಾಟರಿಯೂ ಕೈಕೊಡುತ್ತದೆ. ಹಾಗಾಗಿ ಕ್ಯೂಆರ್ ಬಂತೆಂದು ಪೆಟ್ಟಿಗೆ ತೆಗೆಯುವ ಸ್ಥಿತಿ ಕೊಡಗಿಗೆ ಇನ್ನೂ ಬಂದಿಲ್ಲ. ಸಂಪರ್ಕ ಸಿಕ್ಕಾಗ ನೋಡಬೇಕಾದ್ದು ಪರದೆಯ ಮೇಲಿನ ಹೆಸರು: ಟ್ರಸ್ಟಿನದೋ ವ್ಯಕ್ತಿಯದೋ. ಫಲಕದ ಮೇಲೆ ಬೇರೆ ಚೀಟಿ ಅಂಟಿಸುವ ಮೋಸ ಎಲ್ಲ ಕಡೆ ಇದೆ. ಆದ್ದರಿಂದ ಅಂಟುಚೀಟಿಗಿಂತ ತಗಡಿನ ಮೇಲೆ ಅಚ್ಚು ಹಾಕಿಸಿದ್ದು ವಾಸಿ, ಮೇಲೆ ಏನಾದರೂ ಅಂಟಿಸಿದರೆ ಬೆರಳಿಗೆ ಗೊತ್ತಾಗುತ್ತದೆ.

ಪೊನ್ನಂಪೇಟೆ ತಲುಪುವಾಗ ಮೂರು ಗಂಟೆ. ರಾಮಕೃಷ್ಣ ಶಾರದಾಶ್ರಮ ಇಲ್ಲಿ 1927ರಿಂದ ಇದೆ, ಅದರ ಧರ್ಮಾಸ್ಪತ್ರೆ ದಕ್ಷಿಣ ಕೊಡಗಿನವರಿಗೆಲ್ಲ ಗೊತ್ತು. ಅಂಗಳದ ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಶಾಂತ. ಈ ಪಂಥದ ಆಸ್ಪತ್ರೆಗಳ ಮೂಲದಲ್ಲೇ ಒಂದು ನಾಣ್ಯವಿದೆ. 1900ರಲ್ಲಿ ಕಾಶಿಯ ಬೀದಿಯಲ್ಲಿ ಹಸಿದು ಬಿದ್ದಿದ್ದ ಮುದುಕಿಯೊಬ್ಬಳಿಗಾಗಿ ಯುವಕನೊಬ್ಬ ದಾರಿಹೋಕರ ಬಳಿ ಬೇಡಿ ತಂದ ನಾಲ್ಕಾಣೆ. ಅಲ್ಲಿಂದ ಬೆಳೆದದ್ದು ಕಾಶಿಯ ಸೇವಾಶ್ರಮದ ಆಸ್ಪತ್ರೆ. ಮನೆಮನೆಗೆ ಮಡಕೆ ಕೊಟ್ಟು, ದಿನವೂ ಅಡುಗೆಗೆ ಮುಂಚೆ ಒಂದು ಹಿಡಿ ಅಕ್ಕಿ ಹಾಕಿಸಿ, ವಾರಕ್ಕೊಮ್ಮೆ ಸಂಗ್ರಹಿಸುವ ಮುಷ್ಟಿಭಿಕ್ಷೆಯೂ ಆ ಕಾಲದ ರೂಢಿ. ಅಕ್ಕಿಗೆ ಹುಳ ಬೀಳುವುದರಿಂದ ವಾರ ತಪ್ಪಿಸುವಂತಿರಲಿಲ್ಲ. ಪೆಟ್ಟಿಗೆ ಇಟ್ಟು ಮರೆಯುವ ಟ್ರಸ್ಟಿಗಳಿಗೆ ಆ ಹುಳದ ಭಯ ಸ್ವಲ್ಪ ಇದ್ದಿದ್ದರೆ ಚೆನ್ನಾಗಿತ್ತು.

ಪೇಟೆಯ ಚಹಾದಂಗಡಿಯಲ್ಲಿ ಸಿಕ್ಕ ನಿವೃತ್ತ ನರ್ಸ್ ಒಬ್ಬರು ತಾವು ಕೆಲಸ ಮಾಡಿದ್ದ ಬೇರೊಂದು ಆಸ್ಪತ್ರೆಯ ಕಥೆ ಹೇಳಿದರು. ಅಲ್ಲಿನ ಪೆಟ್ಟಿಗೆಗೆ ಜನ ಮುಡಿಪು ಹಾಕುತ್ತಿದ್ದರು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದಾಗ ದೇವರನ್ನು ನೆನೆದು ಅರಿಶಿನ ಬಟ್ಟೆಯಲ್ಲಿ ಕಾಸು ಕಟ್ಟಿಡುತ್ತಾರೆ. ಗುಣವಾಗಿ ಮನೆಗೆ ಹೊರಡುವಾಗ ಕೆಲವರಿಗೆ ಅದು ಆಸ್ಪತ್ರೆಗೇ ಸಲ್ಲಬೇಕು ಅನ್ನಿಸುತ್ತದೆ. ಗಂಟು ಸೀಳಿನಲ್ಲಿ ಅರ್ಧ ಹೋಗಿ ಸಿಕ್ಕಿಕೊಳ್ಳುತ್ತದೆ, ಮೇಲಿಂದ ಒತ್ತುತ್ತಾರೆ, ಆಮೇಲೆ ಬಂದವರ ನೋಟು ಒಳಗೆ ಹೋಗುವುದಿಲ್ಲ. "ಚಿಮುಟ ತಂದು ತೆಗೀಲಿಕ್ಕೆ ಹೋದ್ರೆ ಕದೀತಿದ್ದೀವಿ ಅಂತ ನೋಡ್ತಾರೆ" ಎಂದರು. ಕೊನೆಗೆ ಪಕ್ಕದಲ್ಲಿ ಅಗಲ ಬಾಯಿಯ, ತಿರುಗುವ ತಟ್ಟೆಯಿರುವ ಇನ್ನೊಂದು ಪೆಟ್ಟಿಗೆ ಇಟ್ಟ ಮೇಲೆ ಸರಿಹೋಯಿತಂತೆ. ಮುಡಿಪಿನ ಗಂಟನ್ನು ಎಣಿಕೆಯ ದಿನವೇ ಬಿಚ್ಚಬೇಕು. ಅರಿಶಿನ ಬಟ್ಟೆ ತೇವ ಹಿಡಿದರೆ ಒಳಗಿನ ನಾಣ್ಯ ಕಪ್ಪಾಗುತ್ತದೆ.

ಸೋಮವಾರ: ಅಮ್ಮತ್ತಿ, ಸಿದ್ದಾಪುರ

ಬೆಳಿಗ್ಗೆ ಅಮ್ಮತ್ತಿ ದಾರಿಗೆ ಮರ ಬಿದ್ದಿತ್ತು. ತೋಟದವರೇ ಗರಗಸ ತಂದು ಕೊಯ್ದು ಬದಿಗೆ ಎಳೆಯುವವರೆಗೆ ಕಾದೆವು. ಕೆಳಗಿಳಿದು ನಿಂತವರ ಕಾಲಿಗೆಲ್ಲ ಜಿಗಣೆ. ಸುಣ್ಣ ಹಚ್ಚಿದ ಹೊಗೆಸೊಪ್ಪು ಒಂದು ಚೂರು ಜೇಬಿನಲ್ಲಿದ್ದರೆ ಕಿತ್ತು ರಕ್ತ ಮಾಡಿಕೊಳ್ಳುವುದು ತಪ್ಪುತ್ತದೆ.

ಈ ಕಡೆ ಕಾಫಿ ತೋಟಗಳ ನಡುವೆ ಹಳೆಯ ಆಸ್ಪತ್ರೆಗಳಿರುವುದು ಆಕಸ್ಮಿಕವಲ್ಲ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ತೋಟದ ಮಾಲೀಕರು ಕೆಲಸಗಾರರಿಗೆ ವೈದ್ಯಕೀಯ ಸೌಕರ್ಯ ಕೊಡಲೇಬೇಕೆಂದು ಹೇಳಿತು. ನಾವು ಹೋದದ್ದು ದಾನದ ಮೇಲೆ ನಡೆಯುವ ಸಣ್ಣದೊಂದು ಆಸ್ಪತ್ರೆಗೆ, ಆ ದಿನ ಪೆಟ್ಟಿಗೆ ತೆರೆಯುವ ದಿನ. ಸೋಮವಾರ ಆರಿಸಿದ್ದಕ್ಕೆ ಕಾರಣ ಸರಳ, ಎಣಿಸಿದ ದುಡ್ಡು ಅದೇ ದಿನ ಬ್ಯಾಂಕಿಗೆ ಹೋಗಬೇಕು. ಶುಕ್ರವಾರ ಸಂಜೆ ಎಣಿಸಿ ಕಪಾಟಿನಲ್ಲಿಟ್ಟರೆ ಮಧ್ಯದ ರಾತ್ರಿಗಳಿಗೆ ಯಾರು ಜವಾಬು?

ಇಲ್ಲಿನ ಪೆಟ್ಟಿಗೆ ಸ್ಟೀಲಿನದು, 304 ದರ್ಜೆ, 16 ಗೇಜ್, ಅಂದರೆ ಸುಮಾರು 1.6 ಮಿ.ಮೀ. ದಪ್ಪ. ಮೊದಲು ಬಣ್ಣ ಹೊಡೆದ ಕಬ್ಬಿಣದ್ದಿತ್ತಂತೆ, ಬೆಸುಗೆ ಹಾಕಿದ ಕಡೆಯಿಂದಲೇ ತುಕ್ಕು ತಿಂದು ತಳ ಕಳಚಿತು. ಹೊಸದಕ್ಕೆ ತಳದಲ್ಲಿ ನಾಲ್ಕು ಸಣ್ಣ ತೂತು, ಬೆವರಿದ ನೀರು ಇಳಿದು ಹೋಗಲು. ಪೆಟ್ಟಿಗೆ ನೈರುತ್ಯದ ಗೋಡೆಗೆ ತಾಗಿಲ್ಲ, ಮಳೆ ಹೊಡೆಯುವುದೇ ಆ ಕಡೆಯಿಂದ. ಮಣ್ಣಿನ ಗಾರೆಯ ಹಳೆಯ ಗೋಡೆಯಲ್ಲಿ ಆಂಕರ್ ಬೋಲ್ಟ್ ಹಿಡಿಯುವುದಿಲ್ಲವಾದ್ದರಿಂದ ಗೋಡೆಯ ಆಚೆ ಬದಿಗೂ ತಟ್ಟೆ ಕೊಟ್ಟು ಆರಪಾರ ಬೋಲ್ಟ್ ಹಾಕಿದ್ದಾರೆ. ಈ ಒಂದು ವಿವರ ಗಮನಿಸಿದ ಬಡಗಿಗೋ ಗೌಂಡಿಗೋ ದೊಡ್ಡ ನಮಸ್ಕಾರ.

ತೆರೆಯುವ ಕ್ರಮ ಹೀಗೆ ನಡೆಯಿತು. ಮೊದಲು ಸೀಲಿನ ಸಂಖ್ಯೆಯನ್ನು ಪುಸ್ತಕದಲ್ಲಿ ಕಳೆದ ಸಲ ಬರೆದ ಸಂಖ್ಯೆಗೆ ತಾಳೆ ನೋಡಿದರು. ಹಿಂದೆ ಬಟ್ಟೆ ಸುತ್ತಿ ಅರಗು ಹಾಕುತ್ತಿದ್ದರು, ಮಳೆಗೆ ಬಟ್ಟೆಯೇ ಕೊಳೆತು ಸೀಲು ತಾನಾಗಿ ಕಳಚುತ್ತಿತ್ತು, ಆಮೇಲೆ ಯಾರು ಒಡೆದರು ಎಂಬ ಜಗಳ. ಈಗ ಸಂಖ್ಯೆಯಿರುವ ಪ್ಲಾಸ್ಟಿಕ್ ಸೀಲು. ಎರಡು ಕೀಲಿ, ಒಂದು ಆಡಳಿತದವರ ಬಳಿ, ಇನ್ನೊಂದು ಆಸ್ಪತ್ರೆಯ ಸಂಬಳ ಪಡೆಯದ ಊರಿನವರೊಬ್ಬರ ಬಳಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸುರಿದರು. ಪೆಟ್ಟಿಗೆ ಖಾಲಿಯಾಯಿತೆಂದು ಟಾರ್ಚ್ ಬಿಟ್ಟು ಎಲ್ಲರಿಗೂ ತೋರಿಸಿದರು. ಓರೆ ತಗಡಿನ ಹಿಂದೆ ಒಂದೆರಡು ನೋಟು ಸಿಕ್ಕಿಕೊಳ್ಳುವುದು ಮಾಮೂಲು, ಟಾರ್ಚ್ ಇಲ್ಲದಿದ್ದರೆ ಅವು ಮುಂದಿನ ಸಲದ ಲೆಕ್ಕಕ್ಕೆ ಹೋಗುತ್ತವೆ. ಬಂದ ಮೊತ್ತ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಅದು ಅವರ ಲೆಕ್ಕ.

ನಾಣ್ಯ ತೂಗಲು ತಂದಿದ್ದ ಎಲೆಕ್ಟ್ರಾನಿಕ್ ತಕ್ಕಡಿ, ಚಾರ್ಜ್ ಇಲ್ಲದೆ, ಹತ್ತು ನಿಮಿಷದಲ್ಲಿ ಕಣ್ಣು ಮುಚ್ಚಿತು. ಒಳ್ಳೆಯದೇ ಆಯಿತು. ಬೇರ್ಪಡಿಸದೆ ತೂಗುವುದು ಕೆಟ್ಟ ಅಭ್ಯಾಸ. 1992ರ ನಂತರದ, 2011ಕ್ಕೆ ಮುಂಚಿನ ಸ್ಟೀಲಿನ ಒಂದು ರೂಪಾಯಿಯೂ 2011ರ ಸರಣಿಯ ಎರಡು ರೂಪಾಯಿಯೂ 25 ಮಿ.ಮೀ., 4.85 ಗ್ರಾಂ. ತಕ್ಕಡಿಗೆ ಎರಡೂ ಒಂದೇ. ಹಳೆಯ ದಪ್ಪ ಐದು ರೂಪಾಯಿ 9 ಗ್ರಾಂ, 2011ರದ್ದು 6 ಗ್ರಾಂ. ನೂರು ಐದರ ನಾಣ್ಯ ಎಂದು ತೂಕ ನೋಡಿದರೆ 300 ಗ್ರಾಂ ಎಡವಟ್ಟು. ಕಣ್ಣಲ್ಲಿ ನೋಡಿ ಗುಂಪು ಮಾಡಿ, ಹತ್ತತ್ತರ ಕಂಬ ಕಟ್ಟಿ, ನೂರಕ್ಕೊಂದು ಪಾಲಿಥಿನ್ ಚೀಲ. ಬ್ಯಾಂಕಿನವರು ಕೇಳುವುದೂ ನೂರರ ಚೀಲವನ್ನೇ.

ಚಲಾವಣೆಯಿಲ್ಲದವು ಪ್ರತ್ಯೇಕ ರಾಶಿ. 25 ಪೈಸೆ 2011ರ ಜೂನ್ 30ರ ನಂತರ ನಡೆಯುವುದಿಲ್ಲ, 50 ಪೈಸೆ ಈಗಲೂ ನಡೆಯುತ್ತದೆ. 2016ರ ನವೆಂಬರ್ 8ರಂದು ರದ್ದಾದ ಹಳೆಯ ಐನೂರರ ನೋಟು ಒಂದು ಮುಡಿಪಿನ ಗಂಟಿನಿಂದ ಬಂತು, ಯಾವ ಅಜ್ಜಿ ಎಷ್ಟು ವರ್ಷ ಕಟ್ಟಿಟ್ಟಿದ್ದಳೋ. ಒಂದು ದಿರ್ಹಮ್ ನೋಟೂ ಇತ್ತು. ಕೊಲ್ಲಿ ದೇಶಗಳಿಂದ ರಜೆಗೆ ಬಂದವರು ಹಾಕುತ್ತಾರೆ. ಭಾರತೀಯ ಪ್ರಜೆ ತನ್ನ ದುಡಿಮೆಯಿಂದ ಕೊಟ್ಟದ್ದಾದರೆ ಅದು ವಿದೇಶಿ ದೇಣಿಗೆಯಲ್ಲ, ವಿದೇಶಿಯ ಕೈಯಿಂದ ಬಂದದ್ದಾದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಪೆಟ್ಟಿಗೆಗೆ ಹಾಕಿದವನ ಮುಖ ಕಾಣದು. ಆದ್ದರಿಂದ ಅಂಥ ನೋಟನ್ನು ಬೇರೆ ಲಕೋಟೆಯಲ್ಲಿಟ್ಟು, ದಿನಾಂಕ ಬರೆದು, ಲೆಕ್ಕ ಪರಿಶೋಧಕರ ಮುಂದಿಡುವುದೇ ಸರಿ.

ಮುಖ ಕಾಣದ ದಾನದ ಬಗ್ಗೆ ಅನೇಕ ಟ್ರಸ್ಟ್‌ಗಳಿಗೆ ತಿಳಿಯದ ಸಂಗತಿ ಇನ್ನೊಂದಿದೆ. ಗುಡಿಯ ಹುಂಡಿಗೆ ಬಿದ್ದ ಅನಾಮಧೇಯ ದುಡ್ಡಿಗೆ ತೆರಿಗೆಯಿಲ್ಲ. ಅದೇ ದುಡ್ಡು ಆಸ್ಪತ್ರೆಯ ಪೆಟ್ಟಿಗೆಗೆ ಬಿದ್ದರೆ, ವರ್ಷದ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದ ಭಾಗಕ್ಕೆ ಶೇ 30 ತೆರಿಗೆ. ಹೆಸರು, ವಿಳಾಸ ದಾಖಲಾಗಿದ್ದರೆ ಈ ಕಾಟವಿಲ್ಲ. ಹಾಗಾಗಿ ಇಲ್ಲಿ ಪೆಟ್ಟಿಗೆಯ ಪಕ್ಕ ಒಂದು ಗೂಡಿನಲ್ಲಿ ಅಚ್ಚು ಹಾಕಿದ ಲಕೋಟೆ ಇಟ್ಟಿದ್ದಾರೆ, ಹೆಸರು ವಿಳಾಸ ಬರೆದು ದುಡ್ಡು ಒಳಗಿಟ್ಟು ಹಾಕಬಹುದು. ಹತ್ತು ಇಪ್ಪತ್ತು ಹಾಕುವವರು ಬರೆಯುವುದಿಲ್ಲ, ಬರೆಯಬೇಕೆಂದೂ ಇಲ್ಲ. ದೊಡ್ಡ ಮೊತ್ತ ಕೊಡುವವರು ಪೆಟ್ಟಿಗೆಗೇ ಹಾಕಬಾರದು. 2,000 ರೂಪಾಯಿ ಮೀರಿದ ನಗದಿಗೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಚೆಕ್ಕಿನಲ್ಲೋ ಯುಪಿಐಯಲ್ಲೋ ಕೊಟ್ಟು ಪ್ರಮಾಣಪತ್ರ ಪಡೆಯಬೇಕು. ಒಂದು ಹಾಸಿಗೆಗೆ ಶಾಶ್ವತ ದತ್ತಿ ಇಡುವ ಆಸೆಯಿದ್ದರೆ ಮೂಲಧನಕ್ಕೆಂದು ಬರವಣಿಗೆಯಲ್ಲಿ ತಿಳಿಸಬೇಕು. ಪೆಟ್ಟಿಗೆಯ ದುಡ್ಡನ್ನು ಟ್ರಸ್ಟಿನವರು ತಾವಾಗಿ ದತ್ತಿ ಎಂದು ಬರೆದುಕೊಂಡರೆ ಪರಿಶೋಧಕರು ಒಪ್ಪುವುದಿಲ್ಲ.

ಮಹಜರಿಗೆ ಎಲ್ಲರೂ ಸಹಿ ಹಾಕಿ, ಹೊಸ ಸೀಲಿನ ಸಂಖ್ಯೆ ಬರೆದು, ತೆರೆದ ದಿನಾಂಕದ ಚೀಟಿಯನ್ನು ಪೆಟ್ಟಿಗೆಯ ಮುಂದೆ ಅಂಟಿಸುವಾಗ ಹನ್ನೆರಡೂವರೆ. ಅಡುಗೆಮನೆಯಿಂದ ನೂಲ್ಪುಟ್ಟು, ಕುಂಬಳಕಾಯಿ ಸಾರು ಬಂತು. ಸಿದ್ದಾಪುರದ ರಸ್ತೆಯಲ್ಲಿ ಸಂಜೆಯಾದರೆ ಆನೆ ಇಳಿಯುತ್ತವೆ, ನಾಲ್ಕರೊಳಗೆ ದಾಟಿಬಿಡಿ ಎಂದು ಬಡಿಸಿದವರು ಎರಡು ಸಲ ಹೇಳಿದರು.

ಬ್ಯಾಂಕಿನವರೆಗೆ ನಮ್ಮ ಕಾರಿನಲ್ಲೇ ಚೀಲಗಳು ಬಂದವು. ಕ್ಯಾಷಿಯರ್ ಒಂದೊಂದನ್ನೂ ಎತ್ತಿ ನೋಡಿ, ಎರಡು ಚೀಲ ಬಿಚ್ಚಿ ಎಣಿಸಿ, ಉಳಿದದ್ದನ್ನು ಹಾಗೇ ತೆಗೆದುಕೊಂಡರು. ತೇವದ ನೋಟಿನ ಕಟ್ಟು ಬಂದಾಗ ಮೂಸಿ ಮುಖ ಸಿಂಡರಿಸಿದರು. "ಇದನ್ನ ಇನ್ನೆರಡು ದಿನ ಒಣಗಿಸಿ ತನ್ನಿ. ಮೆಷಿನ್‌ಗೆ ಹಾಕಿದ್ರೆ ಮೆಷಿನ್ ನಿಲ್ಲುತ್ತೆ." ಆಸ್ಪತ್ರೆಯವರು ಆ ಕಟ್ಟಿನ ಮೊತ್ತವನ್ನು ಪುಸ್ತಕದಲ್ಲಿ 'ಬ್ಯಾಂಕಿಗೆ ಸಲ್ಲಿಸಬೇಕಾದದ್ದು' ಎಂಬ ಬೇರೆ ಕಾಲಮ್ಮಿಗೆ ಬರೆದುಕೊಂಡು, ಗುರುವಾರ ಮತ್ತೆ ಬರುತ್ತೇವೆಂದು ಹೇಳಿ ಹೊರಟರು. ನಾವು ಮೂರೂಕಾಲಿಗೆ ಸಿದ್ದಾಪುರ ದಾಟಿದೆವು.